ಅರಿಶಿಣ ಹಚ್ಚಿದ ತಲೆಬುರುಡೆ

ಗಂಡಸಿಗೆ ಸ್ವಂತ ಮನೆ ಇರಬಹುದು, ಆದರೆ ಆ ಮನೆಯೊಳಗೆ ಸ್ವಂತ ಜಾಗ ಅಂತ ಇರುವುದಿಲ್ಲ. ಈ ಸತ್ಯ ನನಗೆ ತಿಳಿದದ್ದು ಬಹಳ ತಡವಾಗಿ. ಮನೆಯ ಪತ್ರದಲ್ಲಿ ನನ್ನ ಹೆಸರಿದೆ, ಕರೆಂಟಿನ ಬಿಲ್ಲಿನಲ್ಲಿ ನನ್ನ ಹೆಸರಿದೆ, ಗೇಟಿಗೆ ಹಾಕಿದ ಬೋರ್ಡಿನಲ್ಲೂ ನನ್ನದೇ ಹೆಸರು. ಒಳಗೆ ಬಂದು ನೋಡಿದರೆ ಅಡುಗೆಮನೆ ಹೆಂಡತಿಯದು, ದೇವರ ಮನೆ ದೇವರದು, ಪಡಸಾಲೆ ಬಂದುಹೋಗುವವರದು, ಆರಾಮ ಕುರ್ಚಿ ಒಣಗಿದ ಬಟ್ಟೆಗಳದು. ಬಟ್ಟೆಗಳನ್ನು ಯಾರಾದರೂ ಮಡಿಚಿಡುವ ತನಕ ಮನೆಯ ಯಜಮಾನ ನಿಂತೇ ಇರಬೇಕು. ಇದನ್ನು ದೂರು ಎಂದು ತಿಳಿಯಬೇಡಿ. ದೂರು ಹೇಳುವ ಸ್ವಭಾವ ನನ್ನದಲ್ಲ, ಸುಮ್ಮನೆ ಆಗಾಗ ನಾಲ್ಕು ಜನರಿಗೆ ಕೇಳುವಂತೆ ಹೇಳುತ್ತಿರುತ್ತೇನೆ ಅಷ್ಟೇ. ಇಡೀ ಜೀವನದಲ್ಲಿ ನಾನು ಬಯಸಿದ್ದು ಒಂದೇ ಒಂದು ಚಿಕ್ಕ ಖೋಲಿ. ಬಾಗಿಲು ಹಾಕಿಕೊಂಡು ಹಾಡಲಿಕ್ಕೆ.

ಹೌದು, ನಾನು ಹಾಡುತ್ತೇನೆ. ಈ ಮಾತು ಹೇಳುವಾಗ ನನ್ನ ಹೆಂಡತಿ ಸುಮಿತ್ರಾ ಪಕ್ಕದಲ್ಲಿದ್ದರೆ, ‘ಹಾಡ್ತೀನಿ ಅಂತ ತಿಳಕೊಂಡಾರ’ ಎಂದು ತಿದ್ದುತ್ತಾಳೆ. ನಾನು ಧಾರವಾಡದವನು. ಧಾರವಾಡದಲ್ಲಿ ಕಲ್ಲು ಒಗೆದರೆ ಅದು ಯಾರಾದರೂ ಕವಿಯ ಮನೆಯ ಮೇಲೋ ಗವಾಯಿಯ ಮನೆಯ ಮೇಲೋ ಬೀಳುತ್ತದೆ ಎಂಬ ಮಾತನ್ನು ನೀವೂ ಕೇಳಿರಬಹುದು. ನಮ್ಮ ಮನೆ ಅಂಥ ಎರಡು ಮನೆಗಳ ನಡುವೆ ಇತ್ತು, ಹೀಗಾಗಿ ನಮ್ಮ ಮೇಲೆ ಯಾವ ಕಲ್ಲೂ ಬೀಳಲಿಲ್ಲ. ಗೋಡೆಯ ಆಚೆ ಗವಾಯಿಗಳು ಬೆಳಗಿನ ತೋಡಿ ಹಾಡುವಾಗ ಈಚೆ ನಾನು ಹಲ್ಲುಜ್ಜುತ್ತಿದ್ದೆ. ನನ್ನ ಸಂಗೀತಾಭ್ಯಾಸ ಅಷ್ಟೇ. ಆದರೆ ಹೈದರಾಬಾದಿಗೆ ಬಂದು ಕೇಂದ್ರ ಸರಕಾರದ ಕಾರ್ಖಾನೆಯೊಂದರ ಸ್ಟೋರ್ಸ್ ವಿಭಾಗಕ್ಕೆ ಸೇರಿದ ಮೇಲೆ, ಧಾರವಾಡದವನು ಎಂದ ಕೂಡಲೇ ಎದುರಿನವರು ಹಾಡುತ್ತೀರೇನು ಎಂದು ಕೇಳತೊಡಗಿದರು. ನಾನು ಇಲ್ಲವೆನ್ನದೆ ಸುಮ್ಮನೆ ಮುಗುಳ್ನಗತೊಡಗಿದೆ. ಆ ಮುಗುಳ್ನಗೆಯ ಮರ್ಯಾದೆ ಉಳಿಸಲು ಒಂದು ಹಾರ್ಮೋನಿಯಂ ಕೊಳ್ಳಬೇಕಾಯಿತು. ಸೇವೆಯುದ್ದಕ್ಕೂ ನಟ್ಟು ಬೋಲ್ಟುಗಳ ಲೆಕ್ಕ ಇಡುತ್ತ, ನಿವೃತ್ತಿಯಾದ ಮೇಲೆ ನೋಡಿ ಎಂದು ಎಲ್ಲರಿಗೂ ಬೆದರಿಕೆ ಹಾಕುತ್ತ ಬಂದೆ. ಸ್ವಯಂ ನಿವೃತ್ತಿಯ ಯೋಜನೆ ಬಂದಾಗ ಅರ್ಜಿ ಹಾಕಿದವರಲ್ಲಿ ನಾನೇ ಮೊದಲಿಗ. ಮಗಳ ಮದುವೆಯಾಗಿ ಅವಳ ಖೋಲಿ ತೆರವಾಗಿತ್ತು. ಹಾರ್ಮೋನಿಯಂ ಅಲ್ಲಿಟ್ಟು, ಚಾಪೆ ಹಾಸಿ, ಗೋಡೆಗೆ ಸರಸ್ವತಿಯ ಕ್ಯಾಲೆಂಡರು ತೂಗುಹಾಕಿದೆ. ಇಷ್ಟು ವರ್ಷ ತಪ್ಪಿಸಿಕೊಂಡಿದ್ದ ಆ ಧಾರವಾಡದ ಕಲ್ಲು ನನ್ನನ್ನು ಹುಡುಕುತ್ತ ಹೈದರಾಬಾದಿನ ತಾರ್ನಾಕದ ನಮ್ಮ ಮನೆಯ ತನಕ ಬಂದದ್ದು ಆಗಲೇ. ಬರುವಾಗ ಅದು ಇಂಗ್ಲಿಷಿನಲ್ಲಿ ರಾಕ್ ಎಂದು ಹೆಸರು ಬದಲಿಸಿಕೊಂಡಿತ್ತು.

ನಮ್ಮ ಮಹಡಿಯ ಮೇಲೆ ಬಾಡಿಗೆಗೆ ಮೈಸೂರಿನ ಚೇತನ್ ಎಂಬ ಹುಡುಗನಿದ್ದ. ಆ ವರ್ಷಗಳಲ್ಲಿ ಹೈದರಾಬಾದಿನಲ್ಲಿ ಕಂಪ್ಯೂಟರ್ ಹುಡುಗರ ಸುಗ್ಗಿ. ‘ಬಾಡಿಗೆಗೆ ಇದೆ’ ಎಂಬ ಬೋರ್ಡಿಗೆ ಮೊಳೆ ಹೊಡೆದು ಮುಗಿಸುವಷ್ಟರಲ್ಲಿ ಹೆಗಲಿಗೆ ಚೀಲ ಹಾಕಿಕೊಂಡ ಒಬ್ಬ ಹಿಂದೆ ಬಂದು ನಿಂತಿರುತ್ತಿದ್ದ. ಚೇತನ್ ಹಾಗೆಯೇ ಬಂದವನು. ವಾರವಿಡೀ ಇಸ್ತ್ರಿ ಮಾಡಿದ ಅಂಗಿ, ಕೊರಳಲ್ಲಿ ಕಂಪನಿಯ ಪಟ್ಟಿ, ‘ಗುಡ್ ಮಾರ್ನಿಂಗ್ ಅಂಕಲ್’. ಶನಿವಾರ ಬಂತೆಂದರೆ ಎದೆಯ ಮೇಲೆ ತಲೆಬುರುಡೆಯಿದ್ದ ಕರಿಯ ಟೀ ಶರ್ಟು, ಕೈಯಲ್ಲಿ ಗಿಟಾರು. ಗೆಳೆಯರ ಜೊತೆ ಸೇರಿ ಒಂದು ರಾಕ್ ತಂಡ ಕಟ್ಟಿದ್ದ. ತಂಡದ ಹೆಸರು ‘ರಸ್ಟಿ ಬೋರ್‌ವೆಲ್’. ತುಕ್ಕು ಹಿಡಿದ ಕೊಳವೆಬಾವಿ ಎಂದು ನಾನು ಅರ್ಥ ಬಿಡಿಸಿ ಹೇಳಿದಾಗ ಸುಮಿತ್ರಾ, ‘ಚಲೋ ಹೆಸರ ಐತಿ, ಸದ್ದು ಅದರಂಗ ಬರತೈತಿ’ ಎಂದಳು. ಅವಳು ಹೊಗಳಿದಳೋ ತೆಗಳಿದಳೋ ನನಗೆ ಇವತ್ತಿಗೂ ತಿಳಿದಿಲ್ಲ.

ಪಕ್ಕದ ವಿಶ್ವವಿದ್ಯಾಲಯದಲ್ಲಿ ಅವರ ಕಾರ್ಯಕ್ರಮ ಇದ್ದಾಗ ತಂಡದ ಹೆಸರು ಹಾಕಿಸಿ ಟೀ ಶರ್ಟುಗಳನ್ನು ಮುದ್ರಿಸಿದ್ದರು. ಕೇಳುಗರಿಗಿಂತ ಶರ್ಟುಗಳೇ ಹೆಚ್ಚಾದವು. ಉಳಿದವುಗಳ ಫೋಟೋ ತೆಗೆದು ಚೇತನ್ ತನ್ನ ವೆಬ್‌ಸೈಟಿಗೆ ಹಾಕಿದ. ಹಾಡು ಕೇಳದ ಜನ ಶರ್ಟು ಕೇಳತೊಡಗಿದರು, ಒಬ್ಬ ಗುಂಟೂರಿನಿಂದ, ಒಬ್ಬ ಬಳ್ಳಾರಿಯಿಂದ, ಇನ್ನೊಬ್ಬ ಗುವಾಹಟಿಯಿಂದ. ಅಂಚೆಯಲ್ಲಿ ವಿ.ಪಿ.ಪಿ. ಎಂಬ ಪದ್ಧತಿ ಇದೆಯಲ್ಲ, ಪೋಸ್ಟ್‌ಮ್ಯಾನ್ ಮನೆಗೆ ಪಾರ್ಸೆಲ್ ತಂದಾಗ ದುಡ್ಡು ಕೊಟ್ಟು ಬಿಡಿಸಿಕೊಳ್ಳುವುದು, ಹಾಗೆ ಕಳಿಸಬೇಕು. ಆದರೆ ಚೇತನ್ ಆಫೀಸಿನಿಂದ ಬರುವ ಹೊತ್ತಿಗೆ ಅಂಚೆ ಕಚೇರಿ ಮುಚ್ಚಿರುತ್ತಿತ್ತು. ಒಂದು ದಿನ ಒಂದು ರಟ್ಟಿನ ಪೆಟ್ಟಿಗೆ ಹೊತ್ತುಕೊಂಡು ಕೆಳಗೆ ಬಂದು, ‘ಆಂಟಿ, ಇದೊಂದ್ ನಾಲ್ಕು ಪಾರ್ಸೆಲ್ ಹಾಕಿಸ್ಬಿಡ್ತೀರಾ?’ ಎಂದ. ಇದೊಂದು ನಾಲ್ಕು ಎಂದರೆ ಎಷ್ಟು ಎಂದು ನಾನು ಒಳಗಿನಿಂದ ಕೇಳಿದೆ. ಅದಕ್ಕೆ ಉತ್ತರವಾಗಿ ಪೆಟ್ಟಿಗೆ ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಇಬ್ಬರ ಕಣ್ಣೂ ನನ್ನ ಖೋಲಿಯ ಕಡೆ ಹೊರಳಿತು.

ಮೊದಲು ಒಂದು ಮೂಲೆ ಹೋಯಿತು. ಆಮೇಲೆ ಕಿಟಕಿಯ ಕೆಳಗಿನ ಜಾಗ. ಚೇತನ್ ಶರ್ಟು ಮಾರುತ್ತಾನೆ ಎಂಬ ಸುದ್ದಿ ಹಬ್ಬಿ, ಬೇರೆ ಊರುಗಳ ತಂಡಗಳೂ ತಮ್ಮ ಸಾಮಾನನ್ನು ಇವನಿಗೇ ಕಳಿಸತೊಡಗಿದವು. ಮೊಳೆ ಹೊಡೆದ ಕೈಪಟ್ಟಿ, ತಲೆಗೆ ಕಟ್ಟುವ ವಸ್ತ್ರ, ಬಿಲ್ಲೆ, ಪೋಸ್ಟರು, ಮತ್ತು ಬುರುಡೆ, ಬುರುಡೆ, ಬುರುಡೆ. ಸ್ಟೋರ್ಸಿನಲ್ಲಿ ಜೀವ ತೇದ ನಾನು ಅವಕ್ಕೆಲ್ಲ ಒಂದೊಂದು ನಂಬರು ಕೊಡುವ ವೈಜ್ಞಾನಿಕ ಯೋಜನೆ ಹೇಳಿದೆ. ಸುಮಿತ್ರಾ ನನ್ನ ಯೋಜನೆಯನ್ನು ಪೂರ್ತಿ ಕೇಳಿಸಿಕೊಂಡು, ತನ್ನದೇ ಹೆಸರುಗಳನ್ನು ಇಟ್ಟಳು. ನಗೋ ಬುರುಡಿ, ಸಿಟ್ಟಿನ ಬುರುಡಿ, ಗುಲಾಬಿ ಕಚ್ಚಿದ ಬುರುಡಿ, ಟೊಪ್ಪಿಗಿ ಬುರುಡಿ. ಚೇತನ್ ಕೂಡ ಮೇಲಿನಿಂದ ಕೂಗಿ, ‘ಆಂಟಿ, ನಗೋ ಬುರುಡಿ ಎಕ್ಸೆಲ್ ಸೈಜ್ ಇದ್ಯಾ?’ ಎಂದು ಕೇಳುವ ಹಂತಕ್ಕೆ ಬಂದ. ಹಾರ್ಮೋನಿಯಂ ಮೇಲೆ ಸಿಟ್ಟಿನ ಬುರುಡೆಗಳ ಗಂಟು ಕೂತಿತು. ಅದನ್ನು ಎತ್ತಿಟ್ಟು ನಾನು ಸಾ ಹಚ್ಚುವ ಹೊತ್ತಿಗೆ ಬೆಳಗಿನ ರಾಗದ ಹೊತ್ತು ಮೀರಿ ಮಧ್ಯಾಹ್ನದ ರಾಗದ ಹೊತ್ತು ಬಂದಿರುತ್ತಿತ್ತು, ಮಧ್ಯಾಹ್ನದ ರಾಗ ನನಗೆ ಬರುತ್ತಿರಲಿಲ್ಲ.

ಒಂದು ವಿಷಯ ಇಲ್ಲಿ ಹೇಳಬೇಕು. ನಮ್ಮ ಮನೆಗೆ ಬರುವ ಟಪಾಲು ಅಲ್ಲಿಯವರೆಗೆ ಬರುತ್ತಿದ್ದದ್ದು ನನ್ನ ಒಬ್ಬನ ಹೆಸರಿಗೆ. ಸುಮಿತ್ರಾಳ ತವರಿನ ಮದುವೆಯ ಪತ್ರಿಕೆ ಕೂಡ ನನ್ನ ಹೆಸರಿಗೇ ಬಂದು, ಕೆಳಗೆ ಸಣ್ಣಕ್ಷರದಲ್ಲಿ ‘ಸಕುಟುಂಬ’ ಎಂದಿರುತ್ತಿತ್ತು. ಆ ಸಕುಟುಂಬದಲ್ಲಿ ಅವಳು ಇರುತ್ತಿದ್ದಳು. ಈಗ ಪಾರ್ಸೆಲ್ ಮೇಲೆ ಕಳಿಸಿದವರ ಹೆಸರು ಬರೆಯಬೇಕಲ್ಲ, ಹಗಲು ಮನೆಯಲ್ಲಿರುವವಳು ತಾನೇ ಎಂದು ಅವಳು ತನ್ನ ಹೆಸರು ಬರೆದಳು. ಅದಕ್ಕೆ ಉತ್ತರವಾಗಿ ಮನಿಯಾರ್ಡರು, ಕಾಗದಗಳು ಅವಳ ಹೆಸರಿಗೆ ಬರತೊಡಗಿದವು. ಪೋಸ್ಟ್‌ಮ್ಯಾನ್ ಗೇಟಿನ ಹೊರಗೆ ನಿಂತು ‘ಸುಮಿತ್ರಾ ಮೇಡಂ’ ಎಂದು ಮೊದಲ ಸಲ ಕೂಗಿದಾಗ ನಾನು, ಅಂಥವರು ಇಲ್ಲಿ ಯಾರೂ ಇಲ್ಲ ಎಂದು ಹೇಳಿ ಕಳಿಸುವುದರಲ್ಲಿದ್ದೆ. ಅವಳು ಒದ್ದೆ ಕೈ ಸೆರಗಿಗೆ ಒರೆಸಿಕೊಂಡು ಓಡಿ ಬಂದಳು. ಯಾವನೋ ಹುಡುಗ ತನಗೆ ಬಿಲ್ಲೆ ಬೇಕೆಂದು ಬರೆದ ಮೂರು ಸಾಲಿನ ಕಾಗದ ಅದು. ಅದನ್ನು ಅವಳು ದೇವರ ಮುಂದಿಟ್ಟು ಆಮೇಲೆ ಒಡೆದಳು. ನನಗೆ ನಗು ಬಂತು, ಯಾಕೋ ಜೊತೆಗೆ ಸ್ವಲ್ಪ ಕೆಡುಕೂ ಅನಿಸಿತು.

ಆದರೆ ಮನುಷ್ಯನಿಗೆ ಹೆಂಡತಿಯ ಮೇಲಿನ ಮಮತೆ ಬೇರೆ, ಖೋಲಿಯ ಮೇಲಿನ ಹಕ್ಕು ಬೇರೆ. ಚೌತಿ ಕಳೆದ ಮೇಲೆ ಒಂದು ದಿನ ನನ್ನ ಚಾಪೆಯನ್ನು ಸುರುಳಿ ಸುತ್ತಿ ಬಾಗಿಲ ಹಿಂದೆ ನಿಲ್ಲಿಸಿದ್ದನ್ನು ನೋಡಿ ನನ್ನ ಪಿತ್ತ ನೆತ್ತಿಗೇರಿತು. ಅಲ್ಲಾ, ಧಾರವಾಡದ ಮಣ್ಣಿನವನ ಮನೆಯಲ್ಲಿ ತಂಬೂರಿಯ ಜಾಗದಲ್ಲಿ ತಲೆಬುರುಡೆ ಇಡಬೇಕೇ ಎಂದು ಭಾಷಣವನ್ನೇ ಮಾಡಿದೆ. ನನ್ನ ಹತ್ತಿರ ತಂಬೂರಿ ಇರಲಿಲ್ಲ, ಆದರೆ ಸಿಟ್ಟಿನಲ್ಲಿ ಸಾಮಾನು ಹೆಚ್ಚಾಗುತ್ತದೆ. ಸುಮಿತ್ರಾ ವಾದಕ್ಕೆ ಇಳಿಯಲಿಲ್ಲ. ಶರ್ಟು ಮಡಿಚುತ್ತಲೇ ಹೇಳಿದಳು, ‘ದೀಪಾವಳಿ ತನಕ ಬಿಡ್ರಿ. ಅಷ್ಟರಾಗ ಇದು ನೆಟ್ಟಗ ನಡದ್ರ ನಡೀತು, ಇಲ್ಲಾಂದ್ರ ನಾನ ಎಲ್ಲಾ ಕಟ್ಟಿ ಮ್ಯಾಲ ಕಳಸ್ತೀನಿ. ನಿಮ್ಮ ಖೋಲಿ ನಿಮಗ.’ ಇಷ್ಟು ಸುಲಭವಾಗಿ ಒಪ್ಪಿದ ಮೇಲೆ ಹೆಚ್ಚಿಗೆ ಕೂಗುವ ಹಾಗಿರಲಿಲ್ಲ. ಉಳಿದ ಅರ್ಧ ಭಾಷಣವನ್ನು ನುಂಗಿಕೊಂಡೆ.

ವ್ಯಾಪಾರ ನೆಟ್ಟಗಾಗಲು ಒಂದು ಕ್ಯಾಟಲಾಗು ಬೇಕು ಎಂದ ಚೇತನ್. ಕಂಪ್ಯೂಟರಿಲ್ಲದ ಊರುಗಳಲ್ಲೂ ರಾಕ್ ಕೇಳುವ ಹುಡುಗರಿದ್ದಾರೆ, ಅವರ ಮನೆಗೆ ಚಿತ್ರಗಳಿರುವ ಒಂದು ಹಾಳೆಯನ್ನು ಅಂಚೆಯಲ್ಲಿ ಕಳಿಸೋಣ ಎಂದು ಅವನ ಯೋಚನೆ. ಹಳೆಯ ಗಿರಾಕಿಗಳಿಂದ ಗೆಳೆಯರ ವಿಳಾಸ ತರಿಸಿಕೊಂಡ. ಮುದ್ರಣದ ವಿಷಯ ಬಂದ ಕೂಡಲೇ ನಾನು ಮೂಗು ತೂರಿಸಿದೆ. ಕಾರ್ಖಾನೆಯ ಟೆಂಡರ್ ನೋಟೀಸುಗಳನ್ನು ಮುದ್ರಿಸಿ ಮುದ್ರಿಸಿ ಪಳಗಿದ ಕೈ ನನ್ನದು. ಚೇತನ್ ಬಿಳಿ ಹಾಳೆಯ ಮೇಲೆ ಒಂದು ಬುರುಡೆ ಇಟ್ಟು ತಂದಿದ್ದ. ಹಾಳೆ ಬೋಳು ಬೋಳಾಗಿ ಕಾಣುತ್ತಿದೆ, ಸುತ್ತ ದಪ್ಪವಾಗಿ ಒಂದು ಕಪ್ಪು ಅಂಚು ಹಾಕಿಸು, ಗಾಂಭೀರ್ಯ ಬರುತ್ತದೆ ಎಂದು ನಾನು ಸಲಹೆ ಕೊಟ್ಟೆ. ‘ಸೂಪರ್ ಅಂಕಲ್’ ಎಂದ. ಲಕೋಟೆಗೂ ಅದೇ ಅಂಚು ಹಾಕಿಸಿದ. ನಾನು ಹಳೆಯ ಅಭ್ಯಾಸದಂತೆ ಮಾದರಿ ಹಾಳೆಯ ಮೂಲೆಯಲ್ಲಿ ‘ಒಪ್ಪಿದೆ’ ಎಂದು ಬರೆದು ಸಹಿ ಕೂಡ ಮಾಡಿದೆ. ಸುಮಿತ್ರಾ ಆ ವಾರ ಮಗಳ ಮನೆಗೆ ಹೋಗಿದ್ದಳು. ಅವಳು ಬರುವುದರೊಳಗೆ ವಿಳಾಸ ಸಿಕ್ಕಷ್ಟನ್ನೂ ಅಬಿಡ್ಸ್‌ನ ದೊಡ್ಡ ಅಂಚೆ ಕಚೇರಿಗೆ ಒಯ್ದು ಹಾಕಿಸಿ, ಒಂದು ಇರಾನಿ ಚಹಾ ಕುಡಿದು ಬಂದೆವು.

ಆಮೇಲೆ ಎಲ್ಲ ಸ್ತಬ್ಧ. ಹೊಸ ಆರ್ಡರುಗಳು ಬರುವುದು ಹೋಗಲಿ, ಹಳೆಯವೂ ನಿಂತಂತಾದವು. ಪೋಸ್ಟ್‌ಮ್ಯಾನ್ ನಮ್ಮ ಗೇಟು ದಾಟಿ ಮುಂದಿನ ಮನೆಗೆ ಹೋಗುತ್ತಿದ್ದ. ಸುಮಿತ್ರಾ ಆ ಹೊತ್ತಿಗೆ ಸರಿಯಾಗಿ ತುಳಸಿಗೆ ನೀರು ಹಾಕಲು ಹೊರಗೆ ಬರುತ್ತಿದ್ದಳು, ಆ ತುಳಸಿ ನೀರು ಹೆಚ್ಚಾಗಿ ಕೊಳೆಯುವ ಸ್ಥಿತಿಗೆ ಬಂತು. ನನ್ನ ಮನಸ್ಸಿನ ಒಂದು ಮೂಲೆ ದೀಪಾವಳಿಯನ್ನು ಎದುರು ನೋಡುತ್ತಿತ್ತು ಎಂಬುದನ್ನು ನಿಮ್ಮಿಂದ ಮುಚ್ಚಿಟ್ಟು ಏನಾಗಬೇಕಿದೆ. ಆದರೆ ಒಂದು ಮಧ್ಯಾಹ್ನ ಖೋಲಿಯಲ್ಲಿ ಇಣುಕಿದಾಗ ಅವಳು ಮಡಿಚಿದ್ದ ಶರ್ಟುಗಳನ್ನೇ ಬಿಚ್ಚಿ ಮತ್ತೆ ಮಡಿಚುತ್ತಿದ್ದಳು. ಖೋಲಿ ಬೇಡ, ಏನೂ ಬೇಡ, ಒಂದೆರಡು ಆರ್ಡರು ಬರಲಿ ದೇವರೇ ಎಂದು ನಾನೇ ಬೇಡಿಕೊಂಡೆ. ದೇವರು ಆರ್ಡರಿನ ಬದಲು ಒಂದು ಫೋನು ಕಳಿಸಿದ.

ಫೋನು ಬಂದದ್ದು ರಾಯಚೂರಿನ ಕಡೆಯಿಂದ, ನಡುವಯಸ್ಸಿನ ಒಬ್ಬ ಗೃಹಸ್ಥರದು. ಲಕೋಟೆಯ ಹಿಂದಿನ ನಂಬರು ನೋಡಿ ಮಾಡಿದ್ದರು. ನಮಸ್ಕಾರವಿಲ್ಲ, ಏನಿಲ್ಲ, ನೇರವಾಗಿ ವಿಷಯಕ್ಕೆ ಬಂದರು.

‘ನಿಮ್ಮ ಕಾಗದ ಬಂದೈತ್ರಿ. ಕರಿ ಅಂಚಿಂದು. ನಮ್ಮ ಅವ್ವ ಅದನ್ನ ಕೈಯಾಗ ಹಿಡದಾಕಿ, ಆಗಿಂದ ಎರಡ ಸಲ ತಣ್ಣೀರ ಸ್ನಾನ ಮಾಡ್ಯಾಳ. ಹರದ ಒಗದೀವಿ, ಹೆಸರ ಓದಾಕ ಆಗಲಿಲ್ಲ. ಸತ್ತವರು ಯಾರು ಅಂತ ಒಂದ ಮಾತ ಹೇಳಿಬಿಡ್ರಿ, ಅಳೋದು ಅತ್ತ ಮುಗಸ್ತೀವಿ.’

ಕರಿ ಅಂಚಿನ ಕಾಗದ ಎಂದರೆ ನಮ್ಮಲ್ಲಿ ಸಾವಿನ ಕಾಗದ. ಅದನ್ನು ಹೊಸ್ತಿಲ ಒಳಗೆ ತರುವುದಿಲ್ಲ, ಓದಿದವರು ಹರಿದು ಒಗೆದು ತಲೆಯ ಮೇಲೆ ನೀರು ಹಾಕಿಕೊಳ್ಳುತ್ತಾರೆ. ಇದು ಬೀದಿಯ ಮಗುವಿಗೂ ಗೊತ್ತು. ಕಪ್ಪು ಅಂಚು, ನಡುವೆ ತಲೆಬುರುಡೆ, ಎಂಥ ಗಾಂಭೀರ್ಯ ತಂದುಕೊಟ್ಟಿದ್ದೆ ನೋಡಿ. ನಾನು ತೊದಲುತ್ತ, ಯಾರೂ ಸತ್ತಿಲ್ಲರೀ, ಇದು ಸಂಗೀತ ಎಂದೆ.

‘ಅಯ್ಯ ಪಾಪ, ಸಂಗೀತಾ ತೀರಿಕೊಂಡಳೇನ್ರಿ? ಯಾವ ಸಂಗೀತಾ? ವಯಸ್ಸ ಎಷ್ಟಾಗಿತ್ತು?’

ಹಿಂದೂಸ್ತಾನಿಯ ಅಭಿಮಾನಿಯಾದ ನಾನು ಆ ಕಾಲದಲ್ಲಿ ಸಂಗೀತ ಸತ್ತಿತೆಂದು ದಿನಕ್ಕೊಂದು ಸಲವಾದರೂ ಹೇಳುತ್ತಿದ್ದವನೇ. ಆದರೆ ಅದಕ್ಕೆ ಅಳಲು ಸಿದ್ಧವಾಗಿ ಕೂತ ಮನೆತನವೊಂದು ಸಿಕ್ಕಾಗ, ಅದು ಬದುಕಿದೆ ಎಂದು ನಾನೇ ಆಣೆ ಇಡಬೇಕಾಯಿತು. ಕಾಲೇಜಿಗೆ ಹೋಗುವ ಮಗ ಇದ್ದಾನೆಯೇ ಎಂದು ಕೇಳಿ, ಅವನಿಗೆ ಶರ್ಟು ಮಾರಲು ಕಳಿಸಿದ ಜಾಹೀರಾತು ಎಂದು ಬಿಡಿಸಿ ಹೇಳುವಷ್ಟರಲ್ಲಿ ಬೆವರಿಳಿಯಿತು. ಅವರು ಕೊನೆಗೆ, ಶರ್ಟಿನ ಸಲುವಾಗಿ ನಮ್ಮ ಅವ್ವಗ ನೆಗಡಿ ತಂದಿರಲ್ಲ ಎಂದು ಹೇಳಿ ಫೋನಿಟ್ಟರು. ತಿರುಗಿ ನೋಡಿದರೆ ಹಿಂದೆ ಸುಮಿತ್ರಾ ನಿಂತಿದ್ದಳು.

ಆ ಕ್ಯಾಟಲಾಗನ್ನು ತೋರಿಸಿ ಎಂದಳು. ನನ್ನ ಹತ್ತಿರವಿದ್ದ ಮಾದರಿ ಹಾಳೆ ತೋರಿಸಿದೆ. ಎರಡು ಬೆರಳಿನಲ್ಲಿ ಹಿಡಿದು, ಬಾಗಿಲ ಹೊರಗೆ ಒಯ್ದು ನೋಡಿದಳು. ಮೂಲೆಯಲ್ಲಿದ್ದ ನನ್ನ ಸಹಿಯನ್ನೂ ನೋಡಿದಳು. ಬೈಯಬಹುದು, ಬೈದರೆ ಒಳ್ಳೆಯದು ಎಂದು ನಾನು ಕಾಯುತ್ತಿದ್ದೆ. ಅವಳು ಸಣ್ಣ ದನಿಯಲ್ಲಿ, ‘ಖೋಲಿ ಸಲುವಾಗಿ ಬೇಕಂತ ಮಾಡಿದ್ರೇನು?’ ಎಂದು ಕೇಳಿದಳು.

ಇಲ್ಲ ಎಂದೆ. ದೇವರಾಣೆ ಇಲ್ಲ ಎಂದೆ. ಅದು ನಿಜ ಕೂಡ, ನನ್ನ ದಡ್ಡತನ ಪೂರಾ ಅಪ್ಪಟ, ಅದರಲ್ಲಿ ಯಾವ ಕಪಟವೂ ಬೆರೆತಿರಲಿಲ್ಲ. ಆದರೆ ಮನಸ್ಸಿನ ಆ ಒಂದು ಮೂಲೆ ಇತ್ತಲ್ಲ, ಅದರ ನೆನಪಾಗಿ ದನಿ ಗಟ್ಟಿಯಾಗಿ ಹೊರಡಲಿಲ್ಲ. ಮೂವತ್ತು ವರ್ಷ ನನ್ನ ಹಾಡನ್ನು ಸಹಿಸಿದವಳು ನನ್ನನ್ನು ಹಾಗೆ ಕೇಳಿದಳಲ್ಲ ಎಂಬ ನೋವು, ಕೇಳುವಂತೆ ಮಾಡಿದೆನಲ್ಲ ಎಂಬ ನೋವು, ಎರಡೂ ಸೇರಿ ಅವತ್ತು ನನ್ನನ್ನು ಅರ್ಧ ಊಟದಲ್ಲೇ ಎಬ್ಬಿಸಿದವು. ಬೆಳಿಗ್ಗೆ ಎದ್ದು ಹಾರ್ಮೋನಿಯಂ ಮುಟ್ಟಲಿಲ್ಲ. ನೆರೆಮನೆಯ ರಾವುಗಾರು ಗೋಡೆಯ ಮೇಲಿಂದ ಇಣುಕಿ, ಮೈಯಲ್ಲಿ ಹುಷಾರಿಲ್ಲವೇ ಎಂದು ತೆಲುಗಿನಲ್ಲಿ ವಿಚಾರಿಸಿದರು. ಅವರ ಮುಖ ಮಾತ್ರ ಗೆಲುವಾಗಿಯೇ ಇತ್ತು.

ಎರಡು ದಿನ ಸುಮಿತ್ರಾ ತುಳಸಿಗೆ ನೀರು ಹಾಕಲೂ ಹೊರಗೆ ಬರಲಿಲ್ಲ. ಮೂರನೆಯ ದಿನ ಬೆಳಿಗ್ಗೆ ಉಳಿದಿದ್ದ ಲಕೋಟೆಗಳ ಕಟ್ಟನ್ನೂ ಒಂದು ಬಟ್ಟಲನ್ನೂ ತಂದು ನನ್ನ ಮುಂದಿಟ್ಟಳು. ಬಟ್ಟಲಲ್ಲಿ ಕಲಸಿದ ಅರಿಶಿಣ. ‘ನಾಕೂ ಮೂಲಿಗೆ ಹಚ್ಚರಿ. ನಾನೂ ಹಚ್ಚತೀನಿ’ ಎಂದಳು. ಮದುವೆಯ ಪತ್ರಿಕೆಗೆ ಹಚ್ಚುವ ಹಾಗೆ. ಕರಿ ಅಂಚಿನ ಮೇಲೆ ಅರಿಶಿಣ ಹಚ್ಚಿದರೆ ಅದು ಸಾವೋ ಮದುವೆಯೋ ಎಂದು ನಾನು ಕೇಳಿದ್ದಕ್ಕೆ ಅವಳು ಕೊಟ್ಟ ವಿವರಣೆ ಇಷ್ಟು. ಅರಿಶಿಣ ಹತ್ತಿದ ಕಾಗದವನ್ನು ಯಾವ ಮುದುಕಿಯೂ ಹೊರಗೆ ಒಗೆಯುವುದಿಲ್ಲ. ಯಾರದೋ ಶುಭಕಾರ್ಯ ಎಂದು ಒಳಗೆ ತಂದು ದೇವರ ಮುಂದೆ ಇಡುತ್ತಾಳೆ. ಆಮೇಲೆ ಒಡೆದಾಗ ಬುರುಡೆ ಕಂಡರೂ, ದೇವರ ಮುಂದಿಟ್ಟದ್ದನ್ನು ಹರಿಯುವಂತಿಲ್ಲ. ಹುಡುಗ ಕಾಲೇಜಿನಿಂದ ಬರುವ ತನಕ ಅದು ಮನೆಯಲ್ಲಿ ಉಳಿಯುತ್ತದೆ. ಅಷ್ಟು ಸಾಕು.

ಇಬ್ಬರೂ ಎದುರುಬದುರು ಕೂತು ಲಕೋಟೆಗೂ ಒಳಗಿನ ಹಾಳೆಗೂ ಹಚ್ಚಿದೆವು. ಅವಳ ಬೆರಳು ಒಂದೇ ಸಮನೆ ಹೋಗುತ್ತಿತ್ತು, ನನ್ನದು ಅಲ್ಲಲ್ಲಿ ಬುರುಡೆಯ ಹಲ್ಲಿಗೂ ತಾಗಿತು. ಸಂಜೆ ಬಂದ ಚೇತನ್ ಇದನ್ನು ನೋಡಿ ಗಾಬರಿಯಾಗಿ, ರಾಕ್ ಕೇಳುವ ಹುಡುಗರು ಇದನ್ನು ನೋಡಿ ನಗುತ್ತಾರೆ ಆಂಟಿ ಎಂದ. ನಗಲಿ ಬಿಡು, ಅಳೋದು ಆಗಲೇ ಆಗೇತಿ ಎಂದಳು ಸುಮಿತ್ರಾ. ಆ ಮಾತಿಗೆ ಮೂವರೂ ನಕ್ಕೆವು, ಮನೆಯಲ್ಲಿ ಉಸಿರಾಟ ಮತ್ತೆ ಶುರುವಾಯಿತು.

ಹುಡುಗರು ನಗಲಿಲ್ಲ. ಅವರಿಗೆ ಅದು ಏನೋ ಘನಗಂಭೀರವಾದ ಗುಪ್ತ ಸಂಕೇತವಾಗಿ ಕಂಡಿತು. ಒಬ್ಬೊಬ್ಬನು ಒಂದೊಂದು ಅರ್ಥ ಹಚ್ಚಿ ಚೇತನ್‌ಗೆ ಬರೆದ. ಹಳದಿ ಬೆರಳಚ್ಚಿನ ತಲೆಬುರುಡೆಗಾಗಿಯೇ ಆರ್ಡರುಗಳು ಬರತೊಡಗಿದವು. ಸುಮಿತ್ರಾ ಪಾರ್ಸೆಲ್ಲಿನ ನಾಲ್ಕೂ ಮೂಲೆಗೆ ಕೂಡ ಹಚ್ಚತೊಡಗಿದಳು. ಒಂದು ದಿನ ಅರಿಶಿಣ ತೀರಿ ಹಾಗೆಯೇ ಕಳಿಸಿದ ಕೆಲವು ಪಾರ್ಸೆಲ್ಲುಗಳಿಗೆ, ಇದು ನಕಲಿ ಮಾಲು, ಹಳದಿ ಗುರುತಿಲ್ಲ ಎಂದು ತಕರಾರು ಬಂತು. ‘ಆಂಟಿ, ಇದನ್ನೇ ಬ್ರ್ಯಾಂಡ್ ಅನ್ನೋದು’ ಎಂದು ಚೇತನ್ ಭಾವಪರವಶನಾಗಿ ಹೇಳಿದ. ಅವಳು ಅವನ ಕೈಗೆ ಚೀಲ ಕೊಟ್ಟು ಅರಿಶಿಣದ ಪುಡಿ ತರಲು ಕಳಿಸಿದಳು.

ದೀಪಾವಳಿ ಬಂತು, ಹೋಯಿತು. ಖೋಲಿಯ ಕರಾರನ್ನು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಎತ್ತಲು ನನಗೆ ನಿಲ್ಲುವ ಜಾಗವೂ ಇರಲಿಲ್ಲ. ಕೈ ಸಾಲದೆ ಸುಮಿತ್ರಾ ತನ್ನ ಭಜನಾ ಮಂಡಳಿಯ ಹೆಂಗಸರನ್ನು ಕರೆದಳು. ಹೈದರಾಬಾದಿನಲ್ಲಿ ನೆಲೆಸಿದ ಕನ್ನಡದ ಗೃಹಿಣಿಯರು, ಹೊರಗೆ ತೆಲುಗು ಹಿಂದಿ ಮಾತಾಡಿ ಮಾತಾಡಿ ದಣಿದು, ಒಳಗೆ ಬಂದು ಕನ್ನಡದಲ್ಲಿ ನಾಲಿಗೆ ಸಡಿಲಿಸುವವರು. ಪುರಂದರದಾಸರ ಪದ ಹೇಳಿಕೊಂಡೇ ಅವರು ಬುರುಡೆಗಳನ್ನು ಮಡಿಚುತ್ತಿದ್ದರು. ಪಲ್ಲವಿಗೂ ಚರಣಕ್ಕೂ ನಡುವೆ, ‘ಅಕ್ಕಾರ, ಎರಡ ಗುಲಾಬಿ ಬುರುಡಿ ಈ ಕಡೆ ಒಗೀರಿ’ ಎಂಬ ದನಿ ಕೇಳುತ್ತಿತ್ತು. ನನ್ನ ಖೋಲಿಯಲ್ಲಿ, ನನ್ನ ಸರಸ್ವತಿಯ ಎದುರು, ನನ್ನ ಹಾರ್ಮೋನಿಯಂ ನುಡಿಸಿಕೊಂಡು ಅವರು ಹಾಡುತ್ತಿದ್ದರು. ಅದಕ್ಕಿಂತ ದುಃಖದ ಸಂಗತಿ ಎಂದರೆ, ಚೆನ್ನಾಗಿ ಹಾಡುತ್ತಿದ್ದರು. ನೆರೆಮನೆಯ ರಾವುಗಾರು ಕುರ್ಚಿ ಹಾಕಿಕೊಂಡು ಗೋಡೆಯ ಪಕ್ಕ ಕೂತು ಕೇಳುವುದನ್ನು ನಾನೇ ಕಣ್ಣಾರೆ ಕಂಡೆ.

ಬೆಳೆಯುವ ವ್ಯಾಪಾರ ಖೋಲಿಯಿಂದ ಪಡಸಾಲೆಗೆ, ಪಡಸಾಲೆಯಿಂದ ಊಟದ ಮೇಜಿಗೆ ಬಂತು. ನಾನು ಗೇಟಿನ ಬಳಿಯ ಮೆಟ್ಟಿಲ ಮೇಲೆ ಕೂತು ಪೇಪರು ಓದುವವನಾದೆ. ನಾನು ಗೊಣಗುತ್ತಿದ್ದೆ, ಖಂಡಿತ ಗೊಣಗುತ್ತಿದ್ದೆ. ದಾರಿಯಲ್ಲಿ ಹೋಗುವ ತರಕಾರಿಯವನಿಗೂ, ಹಾಲಿನವನಿಗೂ ನನ್ನ ಮನೆ ಹೇಗೆ ಕೈಬಿಟ್ಟು ಹೋಯಿತೆಂದು ಹೇಳುತ್ತಿದ್ದೆ. ಕೊನೆಗೆ ಒಂದು ದಿನ ಸುಮಿತ್ರಾ, ಅಬಿಡ್ಸ್‌ನಲ್ಲಿ ಅಂಚೆ ಕಚೇರಿಗೆ ಸಮೀಪ ಒಂದು ಪುಸ್ತಕದಂಗಡಿಯ ಮೇಲಿನ ಜಾಗ ಬಾಡಿಗೆಗೆ ಹಿಡಿದಿರುವುದಾಗಿ ಹೇಳಿದಳು. ನಿಮಗೂ ಭಾಳ ತ್ರಾಸ ಆತು ಎಂದಳು, ಮನಸ್ಸಿನಿಂದಲೇ ಹೇಳಿದಳು. ಟೆಂಪೋ ಬಂತು. ಬುರುಡೆಗಳೆಲ್ಲ ಏರಿದವು. ಅವಳು ಹೋಗುವ ಮುನ್ನ ಖೋಲಿಯನ್ನು ಗುಡಿಸಿ, ಒರೆಸಿ, ಚಾಪೆ ಹಾಸಿ, ಹಾರ್ಮೋನಿಯಂ ಧೂಳು ಕೊಡವಿ, ಊದಿನಕಡ್ಡಿ ಕೂಡ ಹಚ್ಚಿಟ್ಟಿದ್ದಳು.

ಬಾಗಿಲು ಹಾಕಿಕೊಂಡು ಕೂತೆ. ಆಹಾ, ಏನು ನಿಶ್ಶಬ್ದ. ಸಾ ಹಚ್ಚಿದೆ. ಖಾಲಿ ಗೋಡೆಗಳು ಅದನ್ನು ತಿರುಗಿ ನನ್ನ ಕಿವಿಗೇ ತಂದು ಕೊಟ್ಟವು. ನನ್ನ ದನಿಯನ್ನು ನಾನು ಸರಿಯಾಗಿ ಕೇಳಿದ್ದು ಅದೇ ಮೊದಲು ಎಂದು ಕಾಣುತ್ತದೆ. ನಡುವೆ ನಿಲ್ಲಿಸಿ ಅಡುಗೆಮನೆಯ ಕಡೆ ಕಿವಿಗೊಟ್ಟೆ. ಹಾಲು ಒಡೀತೈತಿ ನಿಲ್ಲಸ್ರಿ ಎಂದು ಅಲ್ಲಿಂದ ಯಾರೂ ಕೂಗಲಿಲ್ಲ. ಅವಳು ಕೂಗಿದ ಮೇಲೆ ಸಿಟ್ಟಿನಿಂದ ಇನ್ನೂ ಏರಿಸಿ ಹಾಡುವುದಿತ್ತಲ್ಲ, ನನ್ನ ಗಾಯನದ ಮುಕ್ಕಾಲು ಪಾಲು ಅದೇ ಆಗಿತ್ತು. ಯಾರೂ ಬೇಡ ಎನ್ನದಿದ್ದರೆ ಮುಂದಿನ ಸ್ವರ ಯಾವುದು ಎಂದೇ ತೋಚಲಿಲ್ಲ. ಕೆಲವು ದಿನ ಹೀಗೇ ಕಳೆದವು. ಒಂದು ಮಧ್ಯಾಹ್ನ ಅವಳು ಒಯ್ದಿದ್ದ ಡಬ್ಬಿಯಲ್ಲಿ ಉಪ್ಪಿನಕಾಯಿ ಹಾಕಲು ಮರೆತಿದ್ದಾಳೆ ಎಂಬ ನೆಪ ಸಿಕ್ಕಿತು. ಬಸ್ಸು ಹತ್ತಿ ಅಬಿಡ್ಸ್‌ಗೆ ಹೋದೆ.

ಮೆಟ್ಟಿಲು ಹತ್ತಿದರೆ ಮೇಜಿನ ಹಿಂದೆ ಹೊಸದಾಗಿ ಸೇರಿದ ತೆಲುಗು ಹುಡುಗಿ ಕೂತಿದ್ದಳು. ನನ್ನನ್ನು ಅವಳು ಕಂಡಿರಲಿಲ್ಲ. ಆರ್ಡರಾ, ಕಂಪ್ಲೇಂಟಾ ಎಂದು ಕೇಳಿದಳು. ಕಂಪ್ಲೇಂಟ್ ಎಂದೆ. ಯಾರ ಹೆಸರಿಗೆ ಎಂದಳು. ಸುಮಿತ್ರಾ ಮೇಡಂ ಎಂದೆ. ಒಳಗಿನಿಂದ ದನಿ ಗುರುತಿಸಿ ಸುಮಿತ್ರಾ ಬಂದಳು. ಕನ್ನಡಕ ಹಣೆಯ ಮೇಲೇರಿತ್ತು, ಬೆರಳೆಲ್ಲ ಹಳದಿ. ಏನು ಕಂಪ್ಲೇಂಟು ಎಂದು ನಗುತ್ತ ಕೇಳಿದಳು.

‘ಖೋಲಿ ಖಾಲಿ ಐತಿ’ ಎಂದೆ.

‘ನಿಮಗ ಬೇಕಾಗಿದ್ದು ಅದ ಅಲ್ಲೇನ್ರಿ? ಆರಾಮ ಹಾಡ್ರಿ ಇನ್ನ. ಯಾರೂ ಬ್ಯಾಡ ಅನ್ನಂಗಿಲ್ಲ.’

‘ಬ್ಯಾಡ ಅನ್ನಾಕ ಯಾರರೆ ಇರಬೇಕಲ್ಲ, ಸುಮಿ.’

ಹುಡುಗಿಗೆ ಕನ್ನಡ ಬರುತ್ತಿರಲಿಲ್ಲ, ಆದರೂ ಅವಳು ಬೇರೆ ಕಡೆ ನೋಡಿದಳು. ಸುಮಿತ್ರಾ ಕನ್ನಡಕವನ್ನು ಕೆಳಗಿಳಿಸಿಕೊಂಡು, ಗೋಡೆಯ ಪಕ್ಕ ರಾಶಿ ಬಿದ್ದಿದ್ದ ಗಂಟುಗಳನ್ನು ತೋರಿಸಿದಳು. ಅಳತೆ ಸರಿಯಾಗಲಿಲ್ಲ ಎಂದೋ, ಮನೆಯವರು ಬಿಡಿಸಿಕೊಳ್ಳಲಿಲ್ಲ ಎಂದೋ ಅಂಚೆಯಲ್ಲಿ ತಿರುಗಿ ಬಂದ ಮಾಲು. ಇದಕ್ಕೆ ಇಲ್ಲಿ ಜಾಗ ಇಲ್ಲ, ಮನೆಯಲ್ಲಿ ಇಟ್ಟುಕೊಂಡು ನೋಡಿಕೊಳ್ಳುವವರು ಒಬ್ಬರು ಬೇಕಾಗಿದ್ದಾರೆ, ಸಂಜೆ ನಾನೂ ಬಂದು ಕೂಡ ಕೂತು ಆರಿಸತೀನಿ, ನಿಮ್ಮ ಖೋಲಿ ಕೊಡತೀರೇನು ಎಂದು ಕೇಳಿದಳು. ಖೋಲಿಯನ್ನು ಅವಳು ಕೇಳಿ ತೆಗೆದುಕೊಂಡದ್ದು ಅದೇ ಮೊದಲ ಸಲ. ನಾನು ಗಡ್ಡ ಕೆರೆದುಕೊಂಡು, ವಿಚಾರ ಮಾಡಬೇಕಾಗುತ್ತದೆ ಎಂದು ಬಿಗುಮಾನದಿಂದ ಹೇಳಿ, ಎಲ್ಲಕ್ಕಿಂತ ದೊಡ್ಡ ಗಂಟನ್ನು ಎತ್ತಿಕೊಂಡೆ.

ಕೆಳಗೆ ಆಟೋ ನಿಲ್ಲಿಸಿದೆ. ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಹತ್ತಿ ಕೂತೆ. ಅದು ನನ್ನ ಗಲ್ಲದ ತನಕ ಬರುತ್ತಿತ್ತು. ಡ್ರೈವರ್ ಕನ್ನಡಿಯಲ್ಲಿ ನೋಡಿ, ಏನು ಮಾಲು ಸಾಬ್ ಎಂದು ಕೇಳಿದ. ಜನ ‘ನಕ್ಕೋ’, ಬೇಡ ಅಂದು ವಾಪಸ್ ಕಳಿಸಿದ ಹಳೇ ಮಾಲು, ಈಗ ಮೇಡಂ ಮನೆಯಲ್ಲೇ ಇಟ್ಟುಕೊಳ್ಳುತ್ತಾರಂತೆ ಎಂದು ನನಗೆ ಬರುವ ಹಿಂದಿಯಲ್ಲಿ ಹೇಳಿದೆ. ಅವನು ಒಂದು ಸಲ ಗಂಟನ್ನು ನೋಡಿದ, ಒಂದು ಸಲ ನನ್ನನ್ನು ನೋಡಿದ, ಮೇಡಂ ಬಹಳ ಒಳ್ಳೆಯವರು ಎಂದು ಮೀಟರು ಹಾಕಿದ.